ಮೈಕಿನ ಮುಂದೆ ಮನೆಮಾತು: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ತಿಂಗಳು ಈ ಅಂಕಣದಲ್ಲಿ ಸ್ಪೋಕನ್ ವರ್ಡ್ ಬಗ್ಗೆ ನಾಲ್ಕೇ ಸಾಲು ಬರೆದಿದ್ದೆ. ಕವಿತೆಯನ್ನು ಮೈಕಿನ ಮುಂದೆ ನಿಂತು, ಕೇಳುವವರ ಮುಖ ನೋಡುತ್ತ ಹೇಳುವ ಈ ಪದ್ಧತಿ ಈಗ ಎಷ್ಟೋ ದೇಶಗಳಲ್ಲಿದೆ, ನಿಮ್ಮ ಊರಲ್ಲಿ ಯಾರಾದರೂ ಮಾಡುತ್ತಿದ್ದೀರಾ ಅಂತ ಕೇಳಿದ್ದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಗಳಿಂದ ಪತ್ರಗಳು ಬಂದಿವೆ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನು ಬದಿಗಿಟ್ಟು ಇವಕ್ಕೇ ಉತ್ತರ ಬರೆದಿದ್ದೇನೆ. ಹೆಸರು ಹಾಕಬೇಡಿ ಅಂತ ಕೆಲವರು ಕೇಳಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಅಕ್ಕಾ, ಸ್ಪೋಕನ್ ವರ್ಡ್ ಅಂದರೆ ನಮ್ಮ ಕವಿಗೋಷ್ಠಿಯೇ ಅಲ್ವಾ? ಏನು ಫರಕು? ನಾವು ಆರು ಜನ ಗೆಳೆಯರು ಬೆಳಗಾವಿಯಲ್ಲಿ ಒಂದು ಶುರು ಮಾಡೋಣ ಅಂತ ಹೊರಟೆವು. ಹಾಲ್ ಬಾಡಿಗೆ ಕೇಳಿ ಅಲ್ಲಿಗೇ ನಿಂತುಬಿಟ್ಟಿದೆ. (ಎಂಜಿನಿಯರಿಂಗ್ ವಿದ್ಯಾರ್ಥಿ, ಬೆಳಗಾವಿ)

ಉತ್ತರ: ತಮ್ಮಾ, ಹಾಲ್ ಬೇಡ. ಮೊದಲು ಅದನ್ನು ತಲೆಯಿಂದ ತೆಗೆದುಹಾಕು.

ಇವತ್ತು ದೇಶದೇಶಗಳಲ್ಲಿ ನಡೆಯುವ ಪೊಯೆಟ್ರಿ ಸ್ಲ್ಯಾಮ್, ಅಂದರೆ ಸ್ಪೋಕನ್ ವರ್ಡ್ ಸ್ಪರ್ಧೆ, ಶುರುವಾಗಿದ್ದು ಅಮೆರಿಕದ ಶಿಕಾಗೋದಲ್ಲಿ. ಶುರು ಮಾಡಿದವರು ಮಾರ್ಕ್ ಸ್ಮಿತ್, ಕಟ್ಟಡ ಕೆಲಸ ಮಾಡುತ್ತಿದ್ದವರು. ಅಲ್ಲಿನ ಕವಿಗೋಷ್ಠಿಗಳು ಅವರಿಗೆ ಸಪ್ಪೆ ಅನಿಸಿದ್ದವು. ಕವಿ ತಲೆ ತಗ್ಗಿಸಿ ಓದುವುದು, ಕೇಳುವವರೂ ಕವಿಗಳೇ, ಮುಗಿದ ಮೇಲೆ ಒಂದು ಚಪ್ಪಾಳೆ. 1984ರ ಹೊತ್ತಿಗೆ ಒಂದು ಬಾರಿನಲ್ಲಿ ಬೇರೆ ಥರ ಮಾಡಿ ನೋಡಿದರು. 1986ರ ಜುಲೈನಲ್ಲಿ ಗ್ರೀನ್ ಮಿಲ್ ಅನ್ನುವ ಜಾಝ್ ಕ್ಲಬ್ಬಿನಲ್ಲಿ ಅದನ್ನೇ ಸ್ಪರ್ಧೆಯಾಗಿ ನಡೆಸಿದರು. ನಿಯಮಗಳು ಸರಳ. ಕವಿತೆ ನಿನ್ನದೇ ಆಗಿರಬೇಕು. ಮೂರು ನಿಮಿಷ, ಮೇಲೆ ಹತ್ತು ಸೆಕೆಂಡ್ ರಿಯಾಯಿತಿ, ಅದನ್ನೂ ದಾಟಿದರೆ ಅಂಕ ಕಡಿತ. ವಾದ್ಯ, ವೇಷ, ಸಾಮಾನು ಯಾವುದೂ ಇಲ್ಲ. ತೀರ್ಪು ಕೊಡುವವರು ಕೇಳಲು ಬಂದವರಲ್ಲೇ ಆರಿಸಿದ ಐದು ಜನ. ಅವರಿಗೆ ಸಾಹಿತ್ಯ ಗೊತ್ತಿರಲೇಬೇಕು ಅಂತಿಲ್ಲ. ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡುತ್ತಾರೆ. ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಂಕ ಬಿಟ್ಟು ಉಳಿದ ಮೂರನ್ನು ಕೂಡಿಸುತ್ತಾರೆ.

ಫರಕು ಇಲ್ಲೇ ಇದೆ. ನಮ್ಮ ಕವಿಗೋಷ್ಠಿಯಲ್ಲಿ ಅಧ್ಯಕ್ಷರು, ಮುಖ್ಯ ಅತಿಥಿ, ಶಾಲು, ಹಾರ ಎಲ್ಲ ಮುಗಿದು ಕವಿಯ ಸರದಿ ಬರುವಷ್ಟರಲ್ಲಿ ಜನ ಊಟದ ಕಡೆ ನೋಡುತ್ತಿರುತ್ತಾರೆ. ಸ್ಲ್ಯಾಮಿನಲ್ಲಿ ಕೇಳುವವನೇ ಯಜಮಾನ. ಅವನು ಬೇಸರವಾದರೆ ತೋರಿಸುತ್ತಾನೆ, ಖುಷಿಯಾದರೆ ಕೂಗುತ್ತಾನೆ. ಆದರೆ ಅಂಕ ಕೊಡುವುದು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಅಂಕ ಬಂತು ಅಂದರೆ ಕೂಗುವವನು ಗೆಲ್ಲುತ್ತಾನೆ, ಮೆಲ್ಲಗೆ ಹೇಳುವವನು ಸೋಲುತ್ತಾನೆ ಅನ್ನುವ ಭಯ ಇದ್ದೇ ಇದೆ. ನೀವು ಮೂರು ನಿಮಿಷದ ನಿಯಮ ಇಟ್ಟುಕೊಳ್ಳಿ, ಅಂಕ ಬಿಡಿ.

ಜಾಗಕ್ಕೆ ಯಾರದಾದರೂ ಮನೆಯ ಮಾಳಿಗೆ ಸಾಕು. ಇಪ್ಪತ್ತು ಜನ, ಒಂದು ಜಮಖಾನೆ, ಚಹಾ. ಮೈಕು ಕೂಡ ಬೇಡ. ತಿಂಗಳಿಗೊಂದು ದಿನ ಗೊತ್ತು ಮಾಡಿ, ಎರಡೇ ಜನ ಬಂದರೂ ಆ ದಿನ ತಪ್ಪಿಸಬೇಡಿ. ಗ್ರೀನ್ ಮಿಲ್‌ನದು ವರ್ಷಗಟ್ಟಲೆ ಉಳಿದಿದ್ದು ಭಾನುವಾರ ಸಂಜೆ ಅಂದರೆ ಭಾನುವಾರ ಸಂಜೆಯೇ ನಡೆದಿದ್ದಕ್ಕೆ.

ಪ್ರಶ್ನೆ: ಅಕ್ಕಾ, ನಾನು ಕಾಲೇಜಿನ ಕಾರ್ಯಕ್ರಮದಲ್ಲಿ ಒಂದು ಕವಿತೆ ಹೇಳಿದೆ. ಅದರಲ್ಲಿ "ನಮ್ಮವ್ವ ನಸುಕಿನ್ಯಾಗ ಎದ್ದು ರೊಟ್ಟಿ ಬಡೀತಾಳ" ಅಂತ ಒಂದು ಸಾಲು ಇತ್ತು. ಮುಂದೆ ಕೂತವರು ನಕ್ಕರು. ಆಮೇಲೆ ಒಬ್ಬ ಹಿರಿಯರು ಕರೆದು, ಭಾವನೆ ಚೆನ್ನಾಗಿದೆ, ಆದರೆ ವೇದಿಕೆ ಮೇಲೆ ಶುದ್ಧ ಕನ್ನಡ ಇರಬೇಕು ಅಂದು "ನನ್ನ ತಾಯಿ ಮುಂಜಾನೆ ಎದ್ದು ರೊಟ್ಟಿ ತಟ್ಟುತ್ತಾಳೆ" ಅಂತ ತಿದ್ದಿಕೊಟ್ಟರು. ಅವರ ಮಾತು ಸರಿಯಾ? (ಬಿ.ಎ. ವಿದ್ಯಾರ್ಥಿನಿ, ಜಮಖಂಡಿ)

ಉತ್ತರ: ಸರಿಯಲ್ಲ ತಂಗಿ. ನಿನ್ನ ಪತ್ರ ಓದಿ ಆ ಎರಡು ಸಾಲನ್ನೂ ಗಟ್ಟಿಯಾಗಿ ಹೇಳಿಕೊಂಡೆ, ನೀನೂ ಈಗ ಹೇಳಿ ನೋಡು. "ಬಡೀತಾಳ" ಅಂದಾಗ ಕೊಣಮಿಗೆಯ ಮೇಲೆ ಅಂಗೈ ಬೀಳುವ ಸಪ್ಪಳ ಇದೆ. "ತಟ್ಟುತ್ತಾಳೆ" ಅಂದರೆ ಆ ಅಡುಗೆಮನೆ ನಿನ್ನದಲ್ಲ, ಬೇರೆ ಯಾರದೋ. "ನಸುಕು" ಅಂದರೆ ಇನ್ನೂ ಕತ್ತಲಿದೆ, "ಮುಂಜಾನೆ" ಅಂದರೆ ಬೆಳಕು ಹರಿದಿದೆ. ನಿನ್ನ ಅವ್ವ ಎಷ್ಟು ಹೊತ್ತಿಗೆ ಎದ್ದಳು ಅನ್ನುವುದೇ ಆ ತಿದ್ದುಪಡಿಯಲ್ಲಿ ಬದಲಾಯಿತು, ಅಲ್ವಾ? ಅದು ಬರೀ ಭಾಷೆಯ ತಿದ್ದುಪಡಿ ಆಗಿರಲಿಲ್ಲ. ವಿಷಯವೇ ತಪ್ಪಾಯಿತು.

ನಿನ್ನಂತೆಯೇ ಮಾತು ಕೇಳಿಸಿಕೊಂಡ ಒಬ್ಬ ಹೆಣ್ಣುಮಗಳ ಕಥೆ ಹೇಳುತ್ತೇನೆ. ಜಮೈಕಾ ದ್ವೀಪದ ಲೂಯಿಸ್ ಬೆನೆಟ್, 1919ರಲ್ಲಿ ಹುಟ್ಟಿದವರು. ಜನ ಪ್ರೀತಿಯಿಂದ ಮಿಸ್ ಲೂ ಅನ್ನುತ್ತಿದ್ದರು. ಸಂತೆಯ ಹೆಂಗಸರು, ಬಸ್ಸಿನಲ್ಲಿ ಜಗಳ ಆಡುವವರು ಮಾತಾಡುವ ಪಾಟ್ವಾ ಅನ್ನುವ ಮಾತಿನಲ್ಲೇ ಪದ್ಯ ಕಟ್ಟಿ ವೇದಿಕೆ ಮೇಲೆ ಹೇಳಿದರು. ಅದು ಕೆಟ್ಟ ಇಂಗ್ಲಿಷ್, ಇದು ಕವಿತೆಯೇ ಅಲ್ಲ ಅಂತ ಓದಿದವರು ಬಹಳ ವರ್ಷ ಅವರನ್ನು ಹೊರಗಿಟ್ಟರು. ಅದಕ್ಕೆ ಅವರು ಒಂದು ಪದ್ಯದಲ್ಲೇ ಉತ್ತರ ಕೊಟ್ಟರು. ಆಡುಮಾತನ್ನು ಕೊಲ್ಲುತ್ತೀರಾ, ಹಾಗಾದರೆ ಇಂಗ್ಲಿಷಿನಿಂದಲೇ ಶುರು ಮಾಡಿ, ಅದೂ ಆಡುಮಾತಿನಿಂದ ಹುಟ್ಟಿದ್ದೇ ಅನ್ನುವ ಅರ್ಥದ ಪದ್ಯ ಅದು.

ಅವರ ಹಿಂದೆ ಲಿಂಟನ್ ಕ್ವೆಸಿ ಜಾನ್ಸನ್ ಬಂದರು. 1952ರಲ್ಲಿ ಜಮೈಕಾದ ಹಳ್ಳಿಯಲ್ಲಿ ಹುಟ್ಟಿ, 1963ರಲ್ಲಿ, ಹನ್ನೊಂದನೇ ವಯಸ್ಸಿಗೆ ಲಂಡನ್ನಿನ ಬ್ರಿಕ್ಸ್‌ಟನ್‌ಗೆ ಹೋದ ಹುಡುಗ. ಅಲ್ಲಿ ಕಪ್ಪು ಜನ ಪೊಲೀಸರಿಂದ ಪಡುತ್ತಿದ್ದ ಕಷ್ಟವನ್ನು ಮನೆಯ ಪಾಟ್ವಾದಲ್ಲೇ ಬರೆದರು, ಕಿವಿಗೆ ಕೇಳಿದ ಹಾಗೇ ಕಾಗುಣಿತ ಇಟ್ಟರು. ಹಿಂದೆ ರೆಗ್ಗೇ ಸಂಗೀತದ ಬೇಸ್ ಗಿಟಾರ್ ನಡೆಯುತ್ತಿರುತ್ತದೆ, ಮುಂದೆ ಇವರ ಮಾತು ಅದೇ ನಡಿಗೆಯಲ್ಲಿ ಹೋಗುತ್ತದೆ. ಇದಕ್ಕೆ ಡಬ್ ಪೊಯೆಟ್ರಿ ಅಂತ ಹೆಸರು. 2002ರಲ್ಲಿ ಪೆಂಗ್ವಿನ್ ಪ್ರಕಾಶನ ತನ್ನ ಆಧುನಿಕ ಶ್ರೇಷ್ಠ ಕೃತಿಗಳ ಮಾಲೆಯಲ್ಲಿ ಇವರ ಕವಿತೆಗಳನ್ನು ತಂದಿತು. ಆ ಮಾಲೆಗೆ ಬದುಕಿದ್ದಾಗಲೇ ಸೇರಿದ ಕವಿಗಳಲ್ಲಿ ಇವರು ಎರಡನೆಯವರು, ಕಪ್ಪು ಕವಿಗಳಲ್ಲಿ ಮೊದಲನೆಯವರು. ಕಾಗುಣಿತ ಯಾರೂ ತಿದ್ದಲಿಲ್ಲ.

ಒಂದು ಎಚ್ಚರಿಕೆ ಮಾತ್ರ ಹೇಳುತ್ತೇನೆ. ಮನೆಮಾತು ಅಂದ ಮಾತ್ರಕ್ಕೆ ಕವಿತೆ ತಾನಾಗಿ ಆಗುವುದಿಲ್ಲ. ಜನ ನಗಲಿ ಅಂತ ಬೇಕೆಂದೇ "ಏನ್ಲೇ", "ಹೌದ್ಲೇ" ತುರುಕುವವರನ್ನು ಟೀವಿಯಲ್ಲಿ ನೋಡುತ್ತೀಯಲ್ಲ, ಆ ದಾರಿ ಬೇಡ. ಅಲ್ಲಿ ನಮ್ಮ ಭಾಷೆ ವೇಷ ಆಗಿಬಿಡುತ್ತದೆ. ನಿನ್ನ ಅವ್ವ ನಿಜವಾಗಿ ಆಡುವ ಮಾತನ್ನು ಆಕೆ ಆಡುವ ವೇಗದಲ್ಲೇ ಹಿಡಿ. ಕೇಳುವವರು ನಕ್ಕರೆ ಒಂದು ಉಸಿರು ನಿಲ್ಲು, ನಗು ಮುಗಿಯಲಿ, ಮುಂದಿನ ಸಾಲು ಹೇಳು. ಆ ಸಾಲನ್ನು ತಿದ್ದಬೇಡ.

ಪ್ರಶ್ನೆ: ಕಾಗದ ನೋಡಿ ಓದಬಹುದಾ, ಬಾಯಿಪಾಠ ಮಾಡಲೇಬೇಕಾ? (ಬೀಳಗಿ)

ಉತ್ತರ: ನೋಡಿ ಓದಬಹುದು, ಯಾರೂ ಬೇಡ ಅನ್ನುವುದಿಲ್ಲ. ಆದರೆ ಬಾಯಿಪಾಠ ಮಾಡುವಾಗ ಯಾವ ಸಾಲು ನೆನಪಿನಲ್ಲಿ ನಿಲ್ಲುವುದಿಲ್ಲವೋ ಆ ಸಾಲಿನಲ್ಲೇ ಏನೋ ಕೊರತೆ ಇರುತ್ತದೆ. ಅದಕ್ಕೆ ನಾನು ಬಾಯಿಪಾಠ ಮಾಡಿ ಅನ್ನುತ್ತೇನೆ.

ಪ್ರಶ್ನೆ: ಮೇಡಂ, ನಾನು ನಿವೃತ್ತ ಶಿಕ್ಷಕ. ಗೀಗೀ ಪದ, ಲಾವಣಿ, ಡೊಳ್ಳಿನ ಪದ ಇಷ್ಟೆಲ್ಲ ಇರುವ ನಾಡಿನಲ್ಲಿ ಹುಡುಗರು ಅಮೆರಿಕದ್ದನ್ನು ಯಾಕೆ ಕಲಿಯಬೇಕು? ನನ್ನ ಮೊಮ್ಮಗ ಇಡೀ ದಿನ ರ‍್ಯಾಪ್ ಕೇಳುತ್ತಾನೆ. ನನಗೆ ಅದು ಹಾಡು ಅನಿಸುವುದಿಲ್ಲ, ಜಗಳ ಅನಿಸುತ್ತದೆ. (ಬೈಲಹೊಂಗಲ)

ಉತ್ತರ: ಗುರುಗಳೇ, ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ನಾನು ಗೋಕಾಕ ತಾಲ್ಲೂಕಿನ ಹಳ್ಳಿಯವಳು. ಜಾತ್ರೆಯಲ್ಲಿ ಕಂಬಳಿ ಹೊದ್ದು ಅಜ್ಜನ ಪಕ್ಕ ಕೂತು ಬೆಳಗಾಗುವ ತನಕ ಹರದೇಶಿ ನಾಗೇಶಿ ಕೇಳಿದ್ದೇನೆ. ಈ ಕಡೆ ಮೇಳ ಗಂಡು ಹೆಚ್ಚು ಅನ್ನುವುದು, ಆ ಕಡೆ ಮೇಳ ಹೆಣ್ಣು ಹೆಚ್ಚು ಅನ್ನುವುದು. ಇವರು ಪುರಾಣದಿಂದ ಒಂದು ಸವಾಲು ಎಸೆದು ದಪ್ಪು ಬಡಿದು ಕೂತರೆ ಅವರು ತುಂತುಣಿ ಮೀಟುತ್ತ ಎದ್ದು ಜವಾಬು ಕೊಡುವುದು. ಜಗಳವೇ ಅಲ್ಲವೇ ಅದು? ಎಂಥ ಚೆಂದದ ಜಗಳ! ನಿಮ್ಮ ಮೊಮ್ಮಗ ಕೇಳುವ ರ‍್ಯಾಪ್ ಬ್ಯಾಟಲ್ ಕೂಡ ಇಂಥದ್ದೇ. ಇಬ್ಬರು ಎದುರುಬದುರು ನಿಂತು ಪ್ರಾಸ ಕಟ್ಟಿ ಒಬ್ಬರನ್ನೊಬ್ಬರು ಕೆಣಕುತ್ತಾರೆ.

ನೀವು ಅಮೆರಿಕ ಅಂದಿರಿ, ನಾನು ನಿಮ್ಮನ್ನು ಬೇರೆ ಕಡೆ ಕರೆದುಕೊಂಡು ಹೋಗುತ್ತೇನೆ. ಸ್ಪೇನ್ ಮತ್ತು ಫ್ರಾನ್ಸ್ ಗಡಿಯಲ್ಲಿ ಬಾಸ್ಕ್ ಅನ್ನುವ ಜನ ಇದ್ದಾರೆ. ಅವರ ಭಾಷೆಗೆ ಅಕ್ಕಪಕ್ಕದ ಯಾವ ಭಾಷೆಯ ಜೊತೆಗೂ ನಂಟಿಲ್ಲ. ಸರ್ವಾಧಿಕಾರಿ ಫ್ರಾಂಕೋ ಕಾಲದಲ್ಲಿ ಆ ಭಾಷೆಯನ್ನು ಶಾಲೆಯಿಂದ, ಕಚೇರಿಯಿಂದ ಹೊರಗೆ ಹಾಕಿದ್ದರು. ಆ ಜನರ ಬೆರ್ತ್ಸೊಲಾರಿತ್ಸಾ ಅನ್ನುವ ಹಾಡುಗಾರಿಕೆ ಬಹಳ ಹಳೆಯದು. ವೇದಿಕೆ ಮೇಲೆ ನಿಂತ ಕವಿಗೆ ನಿರೂಪಕರು ಅಲ್ಲೇ ಒಂದು ವಿಷಯ ಕೊಡುತ್ತಾರೆ. ನೀನು ವೃದ್ಧಾಶ್ರಮಕ್ಕೆ ತಾಯಿಯನ್ನು ಬಿಟ್ಟು ಬಂದ ಮಗ, ಈಗ ಬಸ್ಸಿಗೆ ಕಾಯುತ್ತಿದ್ದೀಯ, ಹಾಡು ಅನ್ನುವ ಥರ. ಯಾವ ಛಂದಸ್ಸು ಅಂತಲೂ ಹೇಳುತ್ತಾರೆ. ಕವಿ ಕೆಲವು ಕ್ಷಣ ಸುಮ್ಮನೆ ನಿಂತು ಹಾಡಲು ಶುರು ಮಾಡುತ್ತಾನೆ. ವಾದ್ಯವಿಲ್ಲ, ಕಾಗದವಿಲ್ಲ. ಪ್ರಾಸದ ಜಾಡು ಹಿಡಿದ ಜನ ಕೊನೆಯ ಸಾಲನ್ನು ಕವಿಯ ಜೊತೆಗೇ ಹಾಡಿಬಿಡುತ್ತಾರೆ! ಸಾಮಾನ್ಯವಾಗಿ ನಾಲ್ಕು ವರ್ಷಕ್ಕೊಮ್ಮೆ ದೊಡ್ಡ ಸ್ಪರ್ಧೆ ನಡೆಯುತ್ತದೆ. ದೊಡ್ಡ ಸಭಾಂಗಣದಲ್ಲಿ ಫೈನಲ್ ಕೇಳಲು ಹತ್ತು ಸಾವಿರಕ್ಕಿಂತ ಜಾಸ್ತಿ ಜನ ದಿನವಿಡೀ ಕೂರುತ್ತಾರೆ. ಗೆದ್ದವರಿಗೆ ಬಹುಮಾನ ಒಂದು ಟೋಪಿ. ನಮ್ಮಲ್ಲಿ ರುಮಾಲು ಸುತ್ತಿ ಗೌರವಿಸುವ ಹಾಗೆ. 2009ರಲ್ಲಿ ಆ ಟೋಪಿ ಮೊದಲ ಬಾರಿ ಹೆಣ್ಣುಮಗಳ ತಲೆಗೆ ಬಂತು. ಅವರು ಮಾಯಾಲೆನ್ ಲುಹಾನ್ಬಿಯೊ. ಆಮೇಲೆ 2017 ಮತ್ತು 2022ರಲ್ಲೂ ಅವರೇ ಗೆದ್ದರು.

ಇದನ್ನು ಇಷ್ಟು ಉದ್ದ ಬರೆದದ್ದಕ್ಕೆ ಕಾರಣ ಇದೆ. ಬಾಸ್ಕ್ ಜನ ಹಳೆಯದನ್ನು ಹಳೆಯ ವಿಷಯದ ಜೊತೆ ಕಟ್ಟಿಹಾಕಲಿಲ್ಲ. ಈಗ ಅಲ್ಲಿ ಹಾಡುವುದು ನಿರುದ್ಯೋಗದ ಬಗ್ಗೆ, ಮದುವೆ ಮುರಿದಿದ್ದರ ಬಗ್ಗೆ, ಫೋನಿನ ಬಗ್ಗೆ. ಮಕ್ಕಳಿಗೆ ಶಾಲೆಯಲ್ಲೇ ಕಲಿಸುತ್ತಾರೆ. ನಮ್ಮ ಹರದೇಶಿ ನಾಗೇಶಿ ಮೇಳಗಳನ್ನು ನಾವು ಜಾತ್ರೆಗೆ ಒಂದು ರಾತ್ರಿ ಕರೆಸಿ ಬಾಡಿಗೆ ಕೊಟ್ಟು ಕಳಿಸುತ್ತೇವೆ. ನಿಮ್ಮ ಮೊಮ್ಮಗನಿಗೆ ಅದರ ಪಲ್ಲ, ನುಡಿ, ಚಾಲು, ಏರು, ಇಳುವು ಯಾರಾದರೂ ಕಲಿಸಿದ್ದಾರಾ? ಅವನು ಬೀಟ್ ಅನ್ನುತ್ತಾನೆ, ಫ್ಲೋ ಅನ್ನುತ್ತಾನೆ. ಎಲ್ಲಿ ಏರಬೇಕು, ಎಲ್ಲಿ ಇಳಿಯಬೇಕು ಅನ್ನುವುದಕ್ಕೆ ನಿಮ್ಮ ಹತ್ತಿರ ಹೆಸರುಗಳೇ ಇವೆ. ಒಂದು ಸಂಜೆ ಅವನ ಇಯರ್‌ಫೋನಿನ ಒಂದು ತುದಿ ನೀವು ಹಾಕಿಕೊಳ್ಳಿ, ಆಮೇಲೆ ಅವನಿಗೆ ಸಂಗೊಳ್ಳಿ ರಾಯಣ್ಣನ ಲಾವಣಿ ಕೇಳಿಸಿ. ಆ ರ‍್ಯಾಪ್ ಇರುವ ಹಿಪ್‌ಹಾಪ್ ಶುರುವಾಗಿದ್ದು 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಒಂದು ಬಡ ವಠಾರದ ಪಾರ್ಟಿಯಲ್ಲಿ ಅನ್ನುತ್ತಾರೆ. ಅಲ್ಲಿ ರೆಕಾರ್ಡ್ ಹಾಕಿದ ಕೂಲ್ ಹರ್ಕ್ ಕೂಡ ಜಮೈಕಾದಿಂದ ಬಂದ ಹುಡುಗನೇ. ಅಲ್ಲಿನ ಬೀದಿಯ ದೊಡ್ಡ ಸ್ಪೀಕರ್ ಪೆಟ್ಟಿಗೆಗಳ ಪದ್ಧತಿಯನ್ನು ಅವನು ಜೊತೆಗೆ ತಂದಿದ್ದ. ಒಂದು ಊರಿನ ಜಾತ್ರೆಯ ಸದ್ದು ಇನ್ನೊಂದು ಊರಿನಲ್ಲಿ ಹೊಸ ಹಾಡಾಯಿತು.

ಬಾಸ್ಕ್ ಕವಿಗಳ ಒಂದು ಗುಟ್ಟು ಬರೆಯುವವರೆಲ್ಲರಿಗೂ ಬೇಕಾದದ್ದು. ಅವರು ಕೊನೆಯ ಸಾಲನ್ನು ಮೊದಲು ಯೋಚಿಸುತ್ತಾರೆ. ಎಲ್ಲಿಗೆ ಹೋಗಿ ಮುಟ್ಟಬೇಕು ಅಂತ ಗೊತ್ತಾದ ಮೇಲೆ ದಾರಿ ಕಟ್ಟುತ್ತಾರೆ.

ಪ್ರಶ್ನೆ: ನಮಸ್ಕಾರ ರೀ ಅಕ್ಕಾರ. ನಾನು ಕಬ್ಬಿನ ಲಾರಿ ಓಡಿಸ್ತೀನಿ. ಹಂಗಾಮಿನಲ್ಲಿ ಕಾರ್ಖಾನೆ ಮುಂದೆ ರಾತ್ರಿಯೆಲ್ಲ ಪಾಳಿ ಹಚ್ಚಿ ನಿಲ್ಲಬೇಕು, ಆಗ ಫೋನಿನಲ್ಲಿ ಹಾಡು ಕೇಳ್ತೀನಿ. ಬೇರೆ ದೇಶದ್ದು ಏನು ಕೇಳಲಿ? ಭಾಷೆ ತಿಳಿಯದೆ ಕೇಳಿದರೆ ಪ್ರಯೋಜನ ಇದೆಯಾ? (ಅಥಣಿ)

ಉತ್ತರ: ಅಣ್ಣಾ, ಖಂಡಿತ ಇದೆ. ಪಾಳಿಯಲ್ಲಿ ನಿಂತ ರಾತ್ರಿಗೆ ಮಾಲಿ ದೇಶದ ತುಮಾನಿ ಜಬಾತೆ ನುಡಿಸಿದ ಕೋರಾ ಕೇಳಿ. ಅರ್ಧ ಸೋರೆಬುರುಡೆಗೆ ಆಕಳ ಚರ್ಮ ಬಿಗಿದು 21 ತಂತಿ ಹಾಕಿದ ವಾದ್ಯ. ನಮ್ಮ ತಂಬೂರಿಯ ಬುರುಡೆಯೇ ನೆನಪಾಗುತ್ತದೆ. ಅವರು 2024ರಲ್ಲಿ ತೀರಿಕೊಂಡರು. ಅವರದು ಜೆಲಿ ಮನೆತನ, ಹೊರಗಿನವರು ಗ್ರಿಯೋ ಅನ್ನುತ್ತಾರೆ. ಊರೂರಿನ ಮನೆತನಗಳ ಹಿರಿಯರ ಹೆಸರು, ರಾಜರ ಕಥೆ, ಯುದ್ಧ, ನಂಟು ಎಲ್ಲ ನೆನಪಿಟ್ಟುಕೊಂಡು ಹಾಡಿ ಹೇಳುವುದು ಅವರ ಹುಟ್ಟಿನ ಕಸುಬು. ಹದಿಮೂರನೇ ಶತಮಾನದ ಸುಂಜಾತಾ ರಾಜನ ಕಥೆ ಹೀಗೇ ಬಾಯಿಂದ ಬಾಯಿಗೆ ಉಳಿದು ಬಂದಿದೆ. ನಿಮಗೆ ಈಗ ಹೆಳವರು ನೆನಪಾದರಾ? ಸುಗ್ಗಿಯ ಹೊತ್ತಿಗೆ ಎತ್ತಿನ ಮೇಲೆ ಬಂದು ಬಾಗಿಲಲ್ಲಿ ನಿಂತು ನಮ್ಮ ಏಳು ತಲೆಮಾರಿನ ಹೆಸರು ಒಂದೇ ಉಸಿರಿನಲ್ಲಿ ಹೇಳಿ ಕಾಳು ಇಸಿದುಕೊಂಡು ಹೋಗುವವರು. ನನಗಂತೂ ಜೆಲಿ ಬಗ್ಗೆ ಓದಿದ ದಿನ ಮೊದಲು ನೆನಪಾಗಿದ್ದು ಅವರೇ.

ಮಾತು ಕೇಳಬೇಕು ಅನಿಸಿದರೆ ಸೊಮಾಲಿಯಾದ ಕವಿ ಹದ್ರಾವಿ. ಸೊಮಾಲಿ ಭಾಷೆಗೆ ಸರ್ಕಾರ ಲಿಪಿ ಗೊತ್ತು ಮಾಡಿದ್ದೇ 1972ರಲ್ಲಿ. ಅದಕ್ಕೂ ಮೊದಲು ಅಲ್ಲಿನ ಕಾವ್ಯವೆಲ್ಲ ಬಾಯಲ್ಲೇ ಇತ್ತು. ಆಮೇಲೂ ಜನ ಕವಿತೆಯನ್ನು ಕ್ಯಾಸೆಟ್ಟಿನಲ್ಲಿ ತುಂಬಿ ಲಾರಿಗಳಲ್ಲಿ, ಚಹಾದಂಗಡಿಗಳಲ್ಲಿ ಕೇಳುತ್ತಿದ್ದರು. ಹೌದು, ನಿಮ್ಮಂಥ ಚಾಲಕರೇ ಊರಿಂದ ಊರಿಗೆ ಮುಟ್ಟಿಸಿದ್ದು. ಹದ್ರಾವಿಯನ್ನು 1973ರಿಂದ 1978ರವರೆಗೆ ಜೈಲಿನಲ್ಲಿ ಇಟ್ಟಿದ್ದರು. ಕವಿತೆಯನ್ನು ತಡೆಯಲು ಆಗಲಿಲ್ಲ. ಅರ್ಥ ತಿಳಿಯದಿದ್ದರೂ ಗಮನ ಕೊಟ್ಟು ಕೇಳಿ, ಸಾಲು ಸಾಲಿನಲ್ಲೂ ಒಂದೇ ಅಕ್ಷರ ಮತ್ತೆ ಮತ್ತೆ ಬಂದು ತಟ್ಟುತ್ತದೆ. ಇಡೀ ಕವಿತೆಯಲ್ಲಿ ಆ ಒಂದು ಅಕ್ಷರ ತಪ್ಪುವ ಹಾಗಿಲ್ಲ, ಅದು ಅಲ್ಲಿನ ನಿಯಮ.

ಇಂಗ್ಲಿಷ್ ಸ್ವಲ್ಪ ಬಂದರೆ ಅಮೆರಿಕದ ಕವಿ ಗಿಲ್ ಸ್ಕಾಟ್ ಹೆರಾನ್ ಕೇಳಿ, ಅವರ 1970ರ ಮೊದಲ ರೆಕಾರ್ಡ್. ಹೆಚ್ಚಿನ ಕಡೆ ಕೈಡೋಲಿನ ಸದ್ದು, ಮುಂದೆ ಮಾತು, ಅಷ್ಟೇ.

ಪ್ರಶ್ನೆ: ಅಕ್ಕಾ, ನನಗೆ ಉಗ್ಗು ಇದೆ. ಆದರೂ ಕವಿತೆ ಹೇಳುವ ಆಸೆ. ಆಗುತ್ತದಾ? (ಪಿಯುಸಿ ವಿದ್ಯಾರ್ಥಿ, ಇಳಕಲ್)

ಉತ್ತರ: ಆಗುತ್ತದೆ ಮಗಾ. 2021ರ ಜನವರಿ 20ರಂದು ಅಮೆರಿಕದ ಅಧ್ಯಕ್ಷರು ಅಧಿಕಾರ ವಹಿಸಿಕೊಂಡ ಸಮಾರಂಭದಲ್ಲಿ 22 ವರ್ಷದ ಅಮಾಂಡಾ ಗೋರ್ಮನ್ ಕವಿತೆ ಹೇಳಿದರು. ಜಗತ್ತೇ ನೋಡಿತು. ಆಕೆಗೆ ಚಿಕ್ಕಂದಿನಿಂದ ಕೆಲವು ಅಕ್ಷರ ಸರಿಯಾಗಿ ಬರುತ್ತಿರಲಿಲ್ಲ, ಅದರಲ್ಲೂ 'ರ'. ಒಂದು ಸಂಗೀತ ನಾಟಕದ 'ರ' ತುಂಬಿದ ಹಾಡನ್ನು ಮತ್ತೆ ಮತ್ತೆ ಹಾಡಿ ಅಭ್ಯಾಸ ಮಾಡಿದರು. ಫ್ರಾನ್ಸಿನಲ್ಲಿ ಗ್ರಾಂ ಕೋರ್ ಮಲಾಡ್ ಅನ್ನುವ ಸ್ಲ್ಯಾಮ್ ಕವಿ ಇದ್ದಾರೆ. 1997ರಲ್ಲಿ ನೀರು ಕಡಿಮೆ ಇದ್ದ ಈಜುಕೊಳಕ್ಕೆ ಧುಮುಕಿ ಬೆನ್ನುಮೂಳೆಗೆ ಪೆಟ್ಟಾಯಿತು. ಮತ್ತೆ ನಡೆಯುವುದು ಕಷ್ಟ ಅಂದಿದ್ದರು. ಕಷ್ಟಪಟ್ಟು ಎದ್ದರು, ಈಗಲೂ ಊರುಗೋಲು ಹಿಡಿದೇ ವೇದಿಕೆಗೆ ಬರುತ್ತಾರೆ. "ದೊಡ್ಡ ರೋಗಿಷ್ಟ ದೇಹ" ಅನ್ನುವುದೇ ಅವರು ಇಟ್ಟುಕೊಂಡ ಹೆಸರಿನ ಅರ್ಥ. 2006ರಲ್ಲಿ ಬಂದ ಅವರ ಮೊದಲ ಆಲ್ಬಮ್ ಮನೆಮನೆ ಮುಟ್ಟಿತು. ಅವಸರವೇ ಇಲ್ಲದ ತಗ್ಗಿದ ದನಿ ಅವರದು.

ನಿನ್ನದು ನೇಕಾರರ ಮನೆ ಅಂತ ಬರೆದಿದ್ದೀಯ. ಮಗ್ಗದ ಲಾಳಿಯ ಸದ್ದಿಗೆ ನಿನ್ನ ಸಾಲು ಹೊಂದಿಸಿ ಹೇಳಿ ನೋಡು. ಉಗ್ಗು ಇರುವವರು ತಾಳಕ್ಕೆ ಹೇಳುವಾಗ, ಹಾಡುವಾಗ ಬಹಳ ಸಲ ತಡವರಿಸುವುದಿಲ್ಲ. ಜೊತೆಗೆ ಒಬ್ಬ ವಾಕ್ ಚಿಕಿತ್ಸಕರನ್ನು ಕಾಣು, ಅದರಲ್ಲಿ ನಾಚಿಕೆ ಇಲ್ಲ. ನಡುವೆ ಎಲ್ಲಾದರೂ ನಿಂತರೆ ನಿಲ್ಲು. ಕವಿತೆಯಲ್ಲಿ ನಿಲ್ಲುವುದಕ್ಕೆ ಜಾಗ ಇದೆ. ಬೇರೆ ಮಾತಿಗಿಂತ ಜಾಸ್ತಿ ಇದೆ.

ಪ್ರಶ್ನೆ: ನಮ್ಮ ಮನೆಯಲ್ಲಿ ದಖನಿ ಉರ್ದು, ಹೊರಗೆ ಕನ್ನಡ. ಒಂದೇ ಕವಿತೆಯಲ್ಲಿ ಎರಡೂ ಬಂದರೆ ತಪ್ಪಾ? (ವಿಜಯಪುರ)

ಉತ್ತರ: ತಪ್ಪು ಅನ್ನುವವರಿಗೆ ನಿಮ್ಮ ಊರಿನ ಸುಲ್ತಾನನನ್ನೇ ತೋರಿಸಿ. ಎರಡನೇ ಇಬ್ರಾಹಿಂ ಆದಿಲ್ ಶಾಹ 1580ರಿಂದ 1627ರವರೆಗೆ ಆಳಿದವನು. ಫಾರಸಿ ಅಷ್ಟು ದೊಡ್ಡ ಭಾಷೆಯಾಗಿದ್ದ ಕಾಲದಲ್ಲಿ ಅವನು ಕಿತಾಬ್ ಎ ನವರಸ್ ಬರೆದದ್ದು ದಖನಿಯಲ್ಲಿ. ಹಾಡುಗಳಿಗೆ ರಾಗದ ಹೆಸರು ಕೊಟ್ಟ, ಅದರಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ಹೊಗಳಿದ. ನಿಮ್ಮ ಮನೆಮಾತು ನಾಲ್ಕುನೂರು ವರ್ಷದ ಹಿಂದೆಯೇ ಆಸ್ಥಾನದಲ್ಲಿ ಹಾಡಾಗಿದೆ. ಅಮ್ಮಿ ಜೊತೆಗಿನ ಮಾತು ದಖನಿಯಲ್ಲೇ ಇರಲಿ, ಬಸ್‌ಸ್ಟ್ಯಾಂಡಿನ ಮಾತು ಕನ್ನಡದಲ್ಲಿರಲಿ. ಅನುವಾದ ಸೇರಿಸಲು ಹೋಗಬೇಡಿ. ವಿಜಯಪುರದ ಸಭೆಗೆ ಎರಡೂ ಗೊತ್ತು.

ಪ್ರಶ್ನೆ: ನಮ್ಮ ಮನೆಯವರು ವಿಡಿಯೊ ಮಾಡಿ ಹಾಕಬೇಡ, ಮುಖ ಕಾಣಬಾರದು ಅಂತಾರೆ. ಬಿಟ್ಟುಬಿಡಲಾ? (ಸವದತ್ತಿ)

ಉತ್ತರ: ಬಿಡಬೇಡಿ. ಅಬುಧಾಬಿಯಲ್ಲಿ 2006ರಲ್ಲಿ ಶುರುವಾದ ಮಿಲಿಯನ್ಸ್ ಪೊಯೆಟ್ ಅಂತ ಒಂದು ಟೀವಿ ಸ್ಪರ್ಧೆ ಇದೆ. ಅರಬರ ಆಡುಮಾತಿನ ನಬತಿ ಕಾವ್ಯಕ್ಕೇ ಮೀಸಲು. 2010ರಲ್ಲಿ ಸೌದಿ ಅರೇಬಿಯಾದ ಗೃಹಿಣಿ ಹಿಸ್ಸಾ ಹಿಲಾಲ್ ಅಲ್ಲಿ ಬಂದರು. ಎರಡು ಕಣ್ಣು ಬಿಟ್ಟು ಉಳಿದ ಮುಖವೆಲ್ಲ ಕಪ್ಪು ಬಟ್ಟೆಯಲ್ಲಿ. ಹಾಗೆ ನಿಂತೇ, ಜನರನ್ನು ಹೆದರಿಸುವ ಫತ್ವಾಗಳ ವಿರುದ್ಧ ಕವಿತೆ ಹೇಳಿದರು. ಕೊಲೆ ಬೆದರಿಕೆ ಬಂದವು. ಮೂರನೇ ಸ್ಥಾನ ಪಡೆದರು. ಅದಕ್ಕೂ ಮೊದಲು ಬಹಳ ವರ್ಷ ಬೇರೆ ಹೆಸರಿನಲ್ಲಿ ಬರೆದಿದ್ದರು. ನೀವು ದನಿ ಮಾತ್ರ ರೆಕಾರ್ಡ್ ಮಾಡಿ. ಈ ಕವಿತೆಗೆ ಬರೀ ದನಿಯೇ ಸಾಕಾಗುತ್ತದೆ. ಮುಂದಿನದನ್ನು ಮನೆಯಲ್ಲಿ ನಿಧಾನಕ್ಕೆ ಮಾತಾಡಿ ನೋಡೋಣ.

ಪ್ರಶ್ನೆ: ಅಕ್ಕಾ, ನಮ್ಮ ಮನೆ ಹಳೇ ಬಾಗಲಕೋಟೆಯಲ್ಲಿ ಮುಳುಗಡೆಯಾಯಿತು. ನಾನು ಆಗ ಸಣ್ಣವಳು. ಈಗ ನವನಗರದಲ್ಲಿದ್ದೇವೆ. ಆ ಮನೆಯ ಬಗ್ಗೆ ಹೇಳಬೇಕು ಅಂತ ನಾಲ್ಕು ಸಲ ಕೂತೆ. "ನೋವು", "ಕಣ್ಣೀರು", "ನೆನಪಿನ ಅಲೆ" ಅಂತ ಬರುತ್ತದೆ, ಮುಂದೆ ಹೋಗುವುದೇ ಇಲ್ಲ. ಹೇಳಲು ಹೋದರೆ ಅಳು ಬರುತ್ತದೆ. (ಗೃಹಿಣಿ, ಬಾಗಲಕೋಟೆ)

ಉತ್ತರ: ಅಕ್ಕಾ, ನಿಮ್ಮ ಪತ್ರ ಎರಡು ದಿನ ಮೇಜಿನ ಮೇಲೇ ಇತ್ತು. ಏನು ಬರೆಯಲಿ ಅಂತ ಯೋಚಿಸುತ್ತ ಹಲಗಲಿ ಬೇಡರ ಲಾವಣಿ ತೆಗೆದು ಮತ್ತೆ ಓದಿದೆ. ನಿಮ್ಮ ಜಿಲ್ಲೆಯದೇ, ಮುಧೋಳದ ಹತ್ತಿರದ ಊರು. 1857ರಲ್ಲಿ ಬ್ರಿಟಿಷ್ ಸರ್ಕಾರ ಹತಾರು ಕೊಡಿ ಅಂದಾಗ ಕೊಡುವುದಿಲ್ಲ ಅಂತ ಹನುಮ, ಬಾಲ, ಜಡಗ, ರಾಮ ಎದ್ದು ನಿಂತರು. ದಂಡು ಬಂದು ಊರನ್ನೇ ಸುಟ್ಟಿತು. ಈ ಹಾಡು ಜನರ ಬಾಯಲ್ಲಿತ್ತು, ಫ್ಲೀಟ್ ಅನ್ನುವ ಇಂಗ್ಲಿಷ್ ಅಧಿಕಾರಿಯೇ ಸಂಗ್ರಹಿಸಿ 1880ರ ದಶಕದಲ್ಲಿ ಅಚ್ಚು ಹಾಕಿಸಿದ. ಹತ್ತನೇ ತರಗತಿಯ ಪುಸ್ತಕದಲ್ಲಿ ನೀವೂ ಓದಿರಬಹುದು. ಅದರಲ್ಲಿ ಊರು ಹಾಳಾದದ್ದನ್ನು ಲಾವಣಿಕಾರ ಹೇಗೆ ಹೇಳುತ್ತಾನೆ ಗೊತ್ತಾ? ನೋವು ಅನ್ನುವ ಮಾತೇ ಅಲ್ಲಿ ಬೇಕಾಗಿಲ್ಲ. ಏನೇನು ಒಯ್ದರು ಅಂತ ಎಣಿಸುತ್ತಾನೆ. ಕೊಡಲಿ, ಕುಡ, ಮೊಸರು, ಬೆಣ್ಣೆ, ಉಪ್ಪು, ಎಣ್ಣೆ, ಅರಿಶಿಣ, ಜೀರಿಗೆ, ತಾಳಿ, ಕೊನೆಗೆ ಬೀಸುವ ಕಲ್ಲು. ಬೀಸುವ ಕಲ್ಲನ್ನೂ ಬಿಡಲಿಲ್ಲ ಅಂದಾಗ ನನಗೆ ಎದೆ ಒಡೆಯುತ್ತದೆ.

ಮೇಲೆ ಹೇಳಿದ ಲಿಂಟನ್ ಕ್ವೆಸಿ ಜಾನ್ಸನ್ ಕೂಡ ಹೀಗೇ ಮಾಡಿದರು. 1981ರ ಜನವರಿ 18ರಂದು ಲಂಡನ್ನಿನ ನ್ಯೂ ಕ್ರಾಸ್‌ನಲ್ಲಿ ಹುಟ್ಟುಹಬ್ಬದ ಪಾರ್ಟಿ ನಡೆಯುತ್ತಿದ್ದ ಮನೆಗೆ ಬೆಂಕಿ ಬಿದ್ದು 13 ಕಪ್ಪು ಹುಡುಗ ಹುಡುಗಿಯರು ಸತ್ತರು. ಅವರ ಕವಿತೆ ಬೆಂಕಿಯಿಂದ ಶುರುವಾಗುವುದಿಲ್ಲ. ಪಾರ್ಟಿಗೆ ಬರುವವರು, ಹೋಗುವವರು, ಕುಣಿತ, ಹಾಡು. ಕೇಳುವವರು ಆ ಮನೆಯೊಳಗೆ ಹೋಗಿ ನಿಂತ ಮೇಲೆ ಬೆಂಕಿ ಬರುತ್ತದೆ.

ಹಾಗಾಗಿ ನೀರಿನಿಂದ ಶುರು ಮಾಡಬೇಡಿ ಅಕ್ಕಾ. ಮನೆಯಿಂದ ಶುರು ಮಾಡಿ. ಪಡಸಾಲೆಯಲ್ಲಿ ಯಾರು ಎಲ್ಲಿ ಕೂರುತ್ತಿದ್ದರು, ಮಾಡದಲ್ಲಿ ಏನು ಇರುತ್ತಿತ್ತು, ಹಗೇವು ಇತ್ತಾ, ದನ ಕಟ್ಟುವ ಗ್ವಾದಲಿ ಎಲ್ಲಿತ್ತು, ಓಣಿಯಲ್ಲಿ ನಿಮ್ಮನ್ನು ಏನಂತ ಕರೆಯುತ್ತಿದ್ದರು. ಮೊದಲು ಬರೀ ಪಟ್ಟಿ ಮಾಡಿ, ಕವಿತೆ ಅಂತ ಅಂದುಕೊಳ್ಳಬೇಡಿ. ಆ ಪಟ್ಟಿಯನ್ನು ಮನೆಯ ಯಾರಿಗಾದರೂ ಗಟ್ಟಿಯಾಗಿ ಓದಿ ಹೇಳಿ. ಅವರು ನಡುವೆ ಬಾಯಿ ಹಾಕಿ "ಅದು ಅಲ್ಲ, ಬಚ್ಚಲ ಕಡೆ ಇತ್ತು" ಅಂತ ತಿದ್ದುತ್ತಾರೆ, ಆ ತಿದ್ದುಪಡಿಯನ್ನೂ ಬರೆದುಕೊಳ್ಳಿ. ಅಳು ಬಂದರೆ ಬರಲಿ. ಹತ್ತು ಸಲ ಗಟ್ಟಿಯಾಗಿ ಹೇಳಿದ ಮೇಲೆ ಅಳು ದನಿಯ ಹಿಂದೆ ನಿಲ್ಲುತ್ತದೆ, ಮಾತು ಮುಂದೆ ಬರುತ್ತದೆ.

ಒಂದು ಮಾತು ಕೇಳುತ್ತೇನೆ. ಮುಳುಗಡೆ ಊರುಗಳಲ್ಲಿ ಮನೆ ಬಿಡುವಾಗ ಬಾಗಿಲ ಚೌಕಟ್ಟು, ತೊಲೆ, ಜಂತಿ ಕಿತ್ತು ಹೊಸ ಜಾಗಕ್ಕೆ ತಂದವರು ಬಹಳ ಮಂದಿ. ನಿಮ್ಮ ಮನೆಯ ತಲಬಾಗಿಲು ಈಗ ಎಲ್ಲಿದೆ? ಅದರ ಉತ್ತರ ಬರೆದು ಕಳಿಸಿ. ಮೂರು ನಿಮಿಷಕ್ಕೆ ಸಾಕಾಗುವಷ್ಟು.